ಟಕ್ ಟಕ್ ಅನ್ನೋ ಆಕ್ಸಲ್ ಇಟ್ಕೊಂಡು ಘಾಟಿ ಹತ್ತಬೇಡ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡ್ದೆ. ಟೈಪ್ ಮಾಡ್ತಾ ಕೂತ್ರೆ ರಾತ್ರಿ ಆಗತ್ತೆ, ಬಾಯಲ್ಲೇ ಹೇಳ್ತೀನಿ, ಪೂರ್ತಿ ಕೇಳು. ನಿನ್ನ ಕಾರಿನ ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ ಗೇಟಿಂದ ಹೊರಗೆ ತೆಗೆಯೋವಾಗ ಮುಂದಿನ ಎಡಚಕ್ರದ ಹತ್ರ ಟಕ್ ಟಕ್ ಅನ್ನತ್ತೆ, ಭಾನುವಾರ ಉಡುಪಿಯಿಂದ ತೀರ್ಥಹಳ್ಳಿಗೆ ಅದ್ರಲ್ಲೇ ಬರಬಹುದಾ ಅಂತ ಕೇಳಿದೀಯ. ಬೇಡ ಮಾರಾಯ್ತಿ. ಬಸ್ಸಲ್ಲಿ ಬಾ. ಆ ಸದ್ದು ಇಟ್ಕೊಂಡು ಆಗುಂಬೆ ಘಾಟಿ ಹತ್ತಬೇಡ.

ನಮ್ಮ ಹಳೇ ಬಿಳಿ ಕಾರು ಎಲ್ರಿಗೂ ನೆನಪಿದೆಯಲ್ಲ, ಕೊಪ್ಪದ ಅತ್ತೆ ಮನೆ ಗೃಹಪ್ರವೇಶಕ್ಕೆ ಹೋಗಿದ್ದು. ಅದಕ್ಕೂ ಶುರುವಾಗಿದ್ದು ಹೀಗೇ. ಆಕ್ಸಲ್ ಅಂದ್ರೆ ಗೇರ್‌ಬಾಕ್ಸಿಂದ ಚಕ್ರಕ್ಕೆ ತಿರುಗಾಟ ಒಯ್ಯೋ ಕಬ್ಬಿಣದ ರಾಡು; ಅದರ ಚಕ್ರದ ಕಡೆಯ, ಅಂದ್ರೆ ಹೊರಗಿನ, ಜಾಯಿಂಟಿನ ಮೇಲೆ ಮಡಿಕೆ ಮಡಿಕೆ ರಬ್ಬರ್ ಬೂಟ್ ಇರತ್ತಲ್ಲ, ಅದರಲ್ಲಿ ಉಗುರಿನಷ್ಟು ಸೀಳು. ಚಕ್ರ ತಿರುಗೋ ಬಿರುಸಿಗೆ ಒಳಗಿದ್ದ ಕಪ್ಪು ಗ್ರೀಸ್ ಹೊರಗೆ ಚಿಮ್ಮಿತು, ಆ ಜಾಗಕ್ಕೆ ಮಳೆನೀರು, ಮರಳು ಹೋಯ್ತು. ಜಾಯಿಂಟಿನ ಒಳಗೆ 6 ಉಕ್ಕಿನ ಗುಂಡುಗಳು ತೋಡುಗಳಲ್ಲಿ ಓಡಾಡ್ತಾ ಇರ್ತವೆ, ಮರಳು ಸೇರಿದ್ರೆ ಆ ತೋಡಲ್ಲಿ ಗುಳಿ ಬೀಳತ್ತೆ. ಗುಂಡು ಗುಳಿಗೆ ಬಿದ್ದು ಏಳೋ ಸದ್ದೇ ಈ ಟಕ್ ಟಕ್. ಹೊಸ ಗ್ರೀಸ್ ತುಂಬಿಸಿದ್ವಿ, 15 ದಿನ ಸದ್ದು ಅಡಗಿತ್ತು. ಸವೆದ ಉಕ್ಕು ಗ್ರೀಸಿಂದ ವಾಪಸ್ ಬರಲ್ಲ.

ಸೋಮೇಶ್ವರ ದಾಟಿ ಮೇಲೆ ಹತ್ತುತಾ ಇದ್ವಿ. 14 ಹೇರ್‌ಪಿನ್ ತಿರುವು, ಕಾರಲ್ಲಿ 5 ಜನ. ಫಸ್ಟ್ ಗೇರು, ಸ್ಟೇರಿಂಗ್ ಪೂರ್ತಿ ತಿರುಗಿಸಿದ್ದು, ಕಾಲು ಆಕ್ಸಿಲರೇಟರ್ ಮೇಲೆ. ಆ ಜಾಯಿಂಟಿಗೆ ಅದಕ್ಕಿಂತ ಹೆಚ್ಚಿನ ಹಿಂಸೆ ಇಲ್ಲ. ಢಬ್ ಅಂತು. ಇಂಜಿನ್ ಓಡ್ತಿದೆ, ಗೇರಲ್ಲಿದೆ, ಕಾರು ಮುಂದೆ ಹೋಗಲ್ಲ. ಒಂದು ಕಡೆ ತುಂಡಾದ್ರೆ, ಎರಡೂ ಚಕ್ರಕ್ಕೆ ಶಕ್ತಿ ಹಂಚೋ ಡಿಫರೆನ್ಷಿಯಲ್ ಅಷ್ಟೂ ತಿರುಗಾಟವನ್ನ ಆ ಸಡಿಲ ಕಡೆಗೇ ಬಿಡತ್ತೆ, ಸರಿ ಇರೋ ಚಕ್ರಕ್ಕೂ ಶಕ್ತಿ ಹೋಗಲ್ಲ. ಅದಕ್ಕಿಂತ ಭಯದ್ದು ಇನ್ನೊಂದು. ಇಂಜಿನ್ ಆಫ್ ಮಾಡಿ ಗೇರಲ್ಲೇ ಬಿಟ್ರೆ ನಿಲ್ಲತ್ತೆ ಅಂತ ಬ್ರೇಕಿಂದ ಕಾಲು ತೆಗೆದ್ರೆ ಕಾರು ಹಿಂದಕ್ಕೆ ಜಾರಿತು! ಆಕ್ಸಲ್ ಮುರಿದ ಮೇಲೆ ಗೇರು ಕಾರನ್ನ ಹಿಡಿಯಲ್ಲ. ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಕ್ಕೆ, ಅದು ಹಿಡೀತು. ನಿಮ್ಮ ಅಪ್ಪ ಇಳಿದು ಓಡಿ ಚಕ್ರಕ್ಕೆ ಕಲ್ಲು ಕೊಟ್ಟ. ಹಿಂದೆ ಲಾರಿ ಇತ್ತು. ಅದಕ್ಕೇ ಮತ್ತೆ ಹೇಳ್ತೀನಿ, ಆ ಸದ್ದು ಇಟ್ಕೊಂಡು ಘಾಟಿ ಹತ್ತಬೇಡ. ಇಳಿಯೋದೂ ಬೇಡ.

ನನಗೆ ಬೇಜಾರಾಗೋದು ಏನು ಗೊತ್ತಾ? ಅದಕ್ಕೆ ತಿಂಗಳ ಮುಂಚೆ ಸರ್ವೀಸ್ ಆಗಿತ್ತು. ಪಟ್ಟಿಯಲ್ಲಿ 'ಡ್ರೈವ್ ಶಾಫ್ಟ್ ಬೂಟ್ ಪರೀಕ್ಷೆ' (ಡ್ರೈವ್ ಶಾಫ್ಟ್ ಅಂದ್ರೂ ಈ ಆಕ್ಸಲ್ಲೇ) ಅಂತ ಇದ್ದಲ್ಲಿ ಟಿಕ್ ಹಾಕಿದ್ರು. ಕಾರನ್ನ ಲಿಫ್ಟ್ ಮೇಲೆ ಏರಿಸೇ ಇರಲಿಲ್ಲ. ಕೀ ಇಸ್ಕೊಂಡು ನಮ್ಮನ್ನ ಎ.ಸಿ. ರೂಮಲ್ಲಿ ಕೂರಿಸ್ತಾರೆ, ಸಂಜೆ ತೊಳೆದು ಕೊಡ್ತಾರೆ, ಹೊಳಪು ನೋಡಿ ನಾವೂ ದುಡ್ಡು ಕೊಟ್ಟು ಬರ್ತೀವಿ. ಮೊದ್ಲೆಲ್ಲ ಮೆಕ್ಯಾನಿಕ್ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡ್ತಿದ್ವಿ. ನಮ್ಮ ಮನೇಲಿ ಯಾರಾದ್ರೂ ಸರ್ವೀಸ್ ಪುಸ್ತಕ ಬಿಡಿಸಿದೀರಾ? ಪುಟ್ಟಿ, ನಿನ್ನ ಕಾರಿಗೆ ಕಳೆದ ಸರ್ವೀಸ್ ಆಗಿ 6,000 ಕಿ.ಮೀ. ಅಷ್ಟೇ ಅಂತೀಯ. ಆಗಿ ಎಷ್ಟು ತಿಂಗಳಾಯ್ತು? 19! ಪುಸ್ತಕದಲ್ಲಿ 10,000 ಕಿ.ಮೀ. ಅಥವಾ 12 ತಿಂಗಳು, ಯಾವುದು ಮೊದಲೋ ಅದು ಅಂತಿದೆ. ರಬ್ಬರಿಗೆ ಕಿಲೋಮೀಟರ್ ಲೆಕ್ಕ ಇಲ್ಲ, ನಿಂತಲ್ಲೇ ಗಟ್ಟಿಯಾಗಿ ಬಿರುಕು ಬಿಡತ್ತೆ. ಕರಾವಳಿ ಬಿಸಿಲು, ಉಪ್ಪುಗಾಳಿ ಬೇರೆ. ಗೌರಿ ಹಬ್ಬಕ್ಕೆ ಬಂದಾಗ ಇದನ್ನೇ ಹೇಳಿದ್ದೆ, ಎಲ್ರೂ ಎದ್ದು ಕಾಫಿಗೆ ಹೋದ್ರಿ.

ಅಯ್ಯೋ, ಏನು ಮಾಡ್ಬೇಕು ಅಂತ ಹೇಳಲೇ ಇಲ್ಲ ನೋಡು. ಮೊದ್ಲು ಕಾರು ನಿಂತಲ್ಲೇ ಸ್ಟೇರಿಂಗ್ ಆಚೆ ಈಚೆ ತಿರುಗಿಸು. ಆಗಲೂ ಸದ್ದು ಬಂದ್ರೆ ಅದು ಸಸ್ಪೆನ್ಷನ್ನನ್ನ ಮೇಲ್ಗಡೆ ಬಾಡಿಗೆ ಕೂರಿಸೋ ಮೌಂಟು ಇರಬಹುದು, ಆಕ್ಸಲ್ ಅಲ್ಲ. ಖಾಲಿ ಮೈದಾನದಲ್ಲಿ ಪೂರ್ತಿ ತಿರುಗಿಸಿ ಫಸ್ಟ್ ಗೇರಲ್ಲಿ ನಿಧಾನ ಸುತ್ತಿದಾಗ ಮಾತ್ರ ಬಂದ್ರೆ, ವೇಗದ ಜೊತೆ ಟಕ್ ಟಕ್ಕೂ ಜೋರಾದ್ರೆ, ಅದು ಹೊರ ಜಾಯಿಂಟೇ. ಆಮೇಲೆ ಇಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಟಾರ್ಚ್ ಹಿಡಿದು ಚಕ್ರದ ಹಿಂದೆ ನೋಡು. ರಿಮ್ಮಿನ ಒಳಗೋಡೆಗೆ ಕಪ್ಪು ಗ್ರೀಸ್ ಎರಚಿದ್ರೆ ಬೂಟ್ ಹರಿದಿದೆ. ಬಲಗಡೆಯದೂ ನೋಡು.

ಸದ್ದಿಲ್ಲದೆ ಬೂಟ್ ಮಾತ್ರ ಹರಿದಿದ್ರೆ ಬೂಟ್ ಕಿಟ್ ಸಾಕು, ಗ್ರೀಸ್, ಕ್ಲಾಂಪ್ ಅದ್ರಲ್ಲೇ ಬರತ್ತೆ. ಜಾಯಿಂಟ್ ಪೂರ್ತಿ ತೊಳೆದೇ ಹಾಕ್ಬೇಕು. ನಿಂದು ಸದ್ದು ಮಾಡ್ತಿದೆ, ಆದ್ರಿಂದ ಜಾಯಿಂಟೇ ಬದಲಾಗ್ಬೇಕು, ಇಲ್ಲಾ ಇಡೀ ಆಕ್ಸಲ್. ಆಕ್ಸಲ್ ಎಳೆದಾಗ ಗೇರ್‌ಬಾಕ್ಸಿನ ಆಯಿಲ್ ಸೋರತ್ತೆ, ಅಲ್ಲಿನ ಆಯಿಲ್ ಸೀಲ್ ಹೊಸದು ಹಾಕಿಸು. ಆಕ್ಸಲ್ ತುದಿಯ ದೊಡ್ಡ ನಟ್ಟೂ ಹೊಸದೇ ಬೇಕು, ಎಷ್ಟು ಬಿಗಿ ಅಂತ ಅಳೆಯೋ ಟಾರ್ಕ್ ರೆಂಚಲ್ಲಿ ಬಿಗೀಬೇಕು.

ಗೇರ್ ಆಯಿಲ್ ಹೇಗೂ ಹಾಕ್ತಾರೆ, ಪೂರ್ತಿ ಬದಲಾಯಿಸಿಬಿಡು. ಹಳೇದು ಇಳಿಸೋಕೆ ಮುಂಚೆ ಆಯಿಲ್ ತುಂಬೋ ತೂತಿನ ಪ್ಲಗ್ ಬಿಚ್ಚಿ ನೋಡ್ಬೇಕು; ಅದು ಜಾಮ್ ಆಗಿದ್ರೆ ಖಾಲಿ ಗೇರ್‌ಬಾಕ್ಸ್ ಇಟ್ಕೊಂಡು ಕೂರಬೇಕಾಗತ್ತೆ. ಕಾರು ಸಮತಟ್ಟಲ್ಲಿ ನಿಂತಿದ್ದು, ಆ ತೂತಿನ ಅಂಚಿಗೆ ಆಯಿಲ್ ಬಂದ್ರೆ ಸರಿ. ಇಳಿದ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣ ಇದ್ರೆ ನೀರು ಹೊಕ್ಕಿದೆ. ಪುಸ್ತಕದಲ್ಲಿ ಗೇರ್ ಆಯಿಲ್ ದರ್ಜೆ ಜಿ.ಎಲ್.-4 ಅಂತಿದ್ರೆ ಅದೇ ಹಾಕಿಸು. ಜಿ.ಎಲ್.-5 ಇನ್ನೂ ಒಳ್ಳೇದು ಅಂತ ಯಾರಾದ್ರೂ ಅಂದ್ರೆ ಒಪ್ಪಬೇಡ, ಅದರಲ್ಲಿರೋ ಗಂಧಕದ ಅಂಶ ಗೇರು ಸಲೀಸಾಗಿ ಬೀಳೋ ಹಾಗೆ ಮಾಡೋ ಒಳಗಿನ ಹಿತ್ತಾಳೆ ರಿಂಗುಗಳನ್ನ ತಿನ್ನಬಹುದು.

ಆಮೇಲೆ ಹಳೇ ಆಕ್ಸಲ್ ಅಲ್ಲೇ ಬಿಟ್ಟು ಬರ್ಬೇಡ, ಡಿಕ್ಕಿಗೆ ಹಾಕಿಸ್ಕೋ. ಊರಿಗೆ ತಂದಾಗ ಬಿಚ್ಚಿ ಗುಂಡು ತೆಗೆದು ತೋರಿಸ್ತೀನಿ.