ಕಚ್ಚಿದ ನಾಯಿಯನ್ನು ದತ್ತು ಕೊಡುವಾಗ ಏನೇನು ಹೇಳಬೇಕು, ಯಾವಾಗ ಹೇಳಬೇಕು?

ಕೆಂಗೇರಿ_ಸ್ವಯಂಸೇವಕಿ:
ನಮ್ಮ ಶೆಲ್ಟರ್‌ನಲ್ಲಿ ಕೆಂಚ ಅನ್ನೋ ನಾಯಿ ಇದೆ. ಬೀದಿತಳಿ, ಗಂಡು, ಸುಮಾರು 3 ವರ್ಷ, ಸಂತಾನಹರಣ ಆಪರೇಷನ್ ಆಗಿದೆ. ಅದು ತಿನ್ನುತ್ತಿರುವಾಗ ತಟ್ಟೆ ಎತ್ತಲು ಹೋದ ಕೆಲಸದವರ ಕೈಗೆ ಒಂದು ಸಲ ಕಚ್ಚಿದೆ. ಎರಡು ಹಲ್ಲು ನಾಟಿವೆ, ಆಳವಿಲ್ಲ. ಕೋಲು ಹಿಡಿದ ಗಂಡಸರನ್ನು ಕಂಡರೆ ಬೊಗಳುತ್ತಾ ಹಿಂದಕ್ಕೆ ಸರಿಯುತ್ತೆ. ಉಳಿದಂತೆ ಮೈಮೇಲೆ ಬಿದ್ದು ಮುದ್ದು ಮಾಡಿಸಿಕೊಳ್ಳೋ ನಾಯಿ.

ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟ್‌ನಿಂದ ಒಂದು ಕುಟುಂಬ ಫೋಟೋ ನೋಡಿ ಕೇಳಿದೆ. ಮನೆಯಲ್ಲಿ 6 ವರ್ಷದ ಮಗು ಇದೆ. "ಊಟದ ಹೊತ್ತಲ್ಲಿ ಸ್ವಲ್ಪ ಹುಷಾರು" ಅಂತ ಬರೆದರೆ ಸಾಕು, ಕಚ್ಚಿದೆ ಅಂದ್ರೆ ಯಾರೂ ಬರಲ್ಲ ಅಂತ ತಂಡದಲ್ಲಿ ಕೆಲವರ ವಾದ. ಅನುಭವ ಇರೋರು ದಯವಿಟ್ಟು ಹೇಳಿ: ಏನು ಬರೆಯೋದು, ಯಾವಾಗ ಹೇಳೋದು?

ಟ್ರೈನರ್_ಜಯನಗರ:
ಮೇಡಂ, "ಸ್ವಲ್ಪ ಹುಷಾರು" ಅಂತ ಓದಿದವರು ಏನು ಮಾಡಬೇಕು? ತಟ್ಟೆ ಮುಟ್ಟಬಾರದೋ, ರೂಮಿಗೇ ಹೋಗಬಾರದೋ, ಗೊತ್ತಾಗಲ್ಲ. "ಕೋಪಿಷ್ಠ" ಅನ್ನೋ ಹಣೆಪಟ್ಟಿಯೂ ಅಷ್ಟೇ ನಿರುಪಯೋಗಿ. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಬರೆಯಿರಿ: ಯಾವ ತಾರೀಖು, ಯಾರು ಎಷ್ಟು ಹತ್ತಿರ ಇದ್ದರು, ಏನು ಮಾಡಿದರು, ಕಚ್ಚೋ ಮುಂಚೆ ನಾಯಿ ಏನು ಸೂಚನೆ ಕೊಟ್ಟಿತು, ಗಾಯ ಎಷ್ಟು, ಆಮೇಲೆ ಹೇಗೆ ಶಾಂತವಾಯಿತು. ಉದಾಹರಣೆಗೆ:

"ತಿನ್ನುತ್ತಿದ್ದಾಗ ಪರಿಚಿತ ವ್ಯಕ್ತಿ ತಟ್ಟೆಗೆ ಕೈ ಹಾಕಿದರು. ನಾಯಿ ಮೈ ಬಿಗಿಹಿಡಿದು ನಿಂತಿತು, ಗುರ್ ಅಂದಿತು. ಕೈ ಹಿಂದೆ ತೆಗೆಯಲಿಲ್ಲ. ಒಂದು ಸಲ ಕಚ್ಚಿ ಬಿಟ್ಟಿತು. ಎರಡು ತೂತು, ಹೊಲಿಗೆ ಬೇಕಾಗಲಿಲ್ಲ."

ಇದು ಮಾದರಿ ಅಷ್ಟೇ. ನಿಮ್ಮ ಕೆಲಸದವರನ್ನು ಕೂರಿಸಿ ಕೇಳಿ ನಡೆದದ್ದನ್ನೇ ಬರೆಯಿರಿ. ಗುರುಗುಟ್ಟಿತೋ ಇಲ್ಲವೋ ಅನ್ನೋದು ಬಹಳ ಮುಖ್ಯ. ಎಚ್ಚರಿಕೆ ಕೊಟ್ಟು ಕಚ್ಚೋ ನಾಯಿಯ ಜೊತೆ ಬದುಕೋದು ಕಲಿಯಬಹುದು, ಎಚ್ಚರಿಕೆ ಇಲ್ಲದೆ ಕಚ್ಚೋದರ ಜೊತೆ ತುಂಬಾ ಕಷ್ಟ. ಗುರುಗುಟ್ಟಿದ್ದಕ್ಕೆ ಹೊಡೆದರೆ ನಾಯಿ ಗುರುಗುಟ್ಟೋದು ಬಿಡುತ್ತೆ, ಭಯ ಹಾಗೇ ಉಳಿಯುತ್ತೆ, ಮುಂದಿನ ಸಲ ನೇರ ಹಲ್ಲು. ಈ ಮಾತು ಹೊಸ ಮನೆಯವರಿಗೆ ಬಿಡಿಸಿ ಹೇಳಲೇಬೇಕು.

ಗಾಯ ಎಷ್ಟು ಅಂತ ಬರೆಯೋಕೆ ನಾಯಿಗಳ ನಡವಳಿಕೆ ತಜ್ಞ ಇಯಾನ್ ಡನ್‌ಬಾರ್ ಅವರ 6 ಹಂತದ ಅಳತೆ ಬಳಸಿ. ಗಾಳಿಯಲ್ಲಿ ಬಾಯಿ ಹಾಕಿದರೆ 1, ಹಲ್ಲು ತಾಗಿ ತೂತಾಗದಿದ್ದರೆ 2, ಒಂದೇ ಕಡಿತದಲ್ಲಿ 1ರಿಂದ 4 ತೂತು, ಕೋರೆಹಲ್ಲಿನ ಅರ್ಧಕ್ಕಿಂತ ಕಮ್ಮಿ ಆಳ ಆದರೆ 3. ಅರ್ಧಕ್ಕಿಂತ ಆಳ ಹೋದರೆ 4, ಅಲ್ಲಿಂದ ಮುಂದೆ ಮಾತೇ ಬೇರೆ. ನೀವು ಹೇಳಿದ ಪ್ರಕಾರ ಕೆಂಚನದು 3.

ವೆಟ್_ಮಲ್ಲೇಶ್ವರಂ:
ಮೇಲಿನದಕ್ಕೆ ಎರಡು ಮಾತು ಸೇರಿಸ್ತೀನಿ. ಮೊದಲು ನೋವು ಇದೆಯಾ ನೋಡಿಸಿ: ಕಿವಿ, ಹಲ್ಲು, ಕೀಲು. ಬೆಂಗಳೂರಲ್ಲಿ ಉಣ್ಣೆ ಹುಳ ಕಚ್ಚಿ ಬರೋ ಜ್ವರ (ಟಿಕ್ ಫೀವರ್) ಸಾಮಾನ್ಯ. ಪ್ಲೇಟ್‌ಲೆಟ್ ಇಳಿದು, ಕೀಲು ನೋಯುತ್ತಿರೋ ನಾಯಿ ಮುಟ್ಟಿದರೆ ಸಿಡುಕುತ್ತೆ. ರಕ್ತ ಪರೀಕ್ಷೆ ಮಾಡಿಸಿ ಫಲಿತಾಂಶ ಫೈಲಿಗೆ ಹಾಕಿ.

ಎರಡನೆಯದು, ಶೆಲ್ಟರ್‌ನಲ್ಲಿ ಕಂಡ ನಡವಳಿಕೆ ಮನೆಯಲ್ಲೂ ಹಾಗೇ ಇರುತ್ತೆ ಅಂತ ಖಾತ್ರಿ ಕೊಡಬೇಡಿ. ಇಪ್ಪತ್ತು ನಾಯಿಗಳ ಮಧ್ಯೆ ಯಾರೂ ಹತ್ತಿರ ಬರದಂತೆ ತಟ್ಟೆ ಕಾಯೋ ನಾಯಿ, ಬೇರೆ ನಾಯಿ ಇಲ್ಲದ ಮನೆಯಲ್ಲಿ ಕಾಯದೇ ಇರಬಹುದು. ಶೆಲ್ಟರ್‌ನಲ್ಲಿ ಮುದುರಿ ಕೂತಿರೋ ನಾಯಿ ಮನೆಗೆ ಹೋದ ಮೂರು ವಾರದ ನಂತರ ಧೈರ್ಯ ಬಂದು ಸೋಫಾ ಕಾಯೋಕೆ ಶುರು ಮಾಡಬಹುದು. ಪ್ಲಾಸ್ಟಿಕ್ ಕೈ ತಟ್ಟೆಗೆ ಚಾಚಿ ಮಾಡೋ ಪರೀಕ್ಷೆಯನ್ನೂ ಪೂರ್ತಿ ನಂಬಬೇಡಿ.

ಮಗುವಿನ ವಿಷಯ ನೇರವಾಗಿ ಹೇಳ್ತೀನಿ: ಈ ನಾಯಿಯನ್ನು ಆ ಮನೆಗೆ ಕೊಡಬೇಡಿ. 6 ವರ್ಷದ ಮಗು ಬಿಸ್ಕತ್ತು ಕೈಯಲ್ಲಿ ಹಿಡಿದು ಓಡಾಡುತ್ತೆ, ಬೀಳಿಸುತ್ತೆ, ಬಗ್ಗಿ ಎತ್ತಿಕೊಳ್ಳುತ್ತೆ. ಬಗ್ಗಿದಾಗ ಮುಖ ನಾಯಿಯ ಬಾಯಿಯ ಎತ್ತರಕ್ಕೇ ಬರುತ್ತೆ. ದೊಡ್ಡವರ ಕೈಗೆ 3ನೇ ಹಂತ ಆದದ್ದು ಮಗುವಿನ ಕೆನ್ನೆಗೆ ಬೇರೆಯೇ ಗಾಯ. ಅವರಿಗೆ ಬೇರೆ ನಾಯಿ ತೋರಿಸಿ, ಕೆಂಚನಿಗೆ ದೊಡ್ಡವರೇ ಇರೋ ಮನೆ ಹುಡುಕಿ.

ಕೆಂಗೇರಿ_ಸ್ವಯಂಸೇವಕಿ:
ತುಂಬಾ ಧನ್ಯವಾದ ಡಾಕ್ಟ್ರೇ. ಆ ಮನೆಗೆ ಇವತ್ತೇ ಹೇಳ್ತೀವಿ. ದೊಡ್ಡವರ ಮನೆ ಸಿಕ್ಕಿದರೆ ಕೈಗೆ ಏನು ಬರೆದು ಕೊಡೋದು? ಮತ್ತೆ, ಇದನ್ನು ಬಿಟ್ಟುಹೋದವರು "ಬೆಕ್ಕಿಗೆ ಏನೂ ಮಾಡಲ್ಲ" ಅಂದಿದ್ದಾರೆ. ನಾವು ಅದನ್ನು ನೋಡಿಲ್ಲ.

ಟ್ರೈನರ್_ಜಯನಗರ:
ಕಾಗದದಲ್ಲಿ ಮೂರು ಭಾಗ ಮಾಡಿ: ನಾವು ನೋಡಿದ್ದು, ಹಿಂದಿನವರು ಹೇಳಿದ್ದು, ಗೊತ್ತಿಲ್ಲದ್ದು. ಬೆಕ್ಕಿನ ಮಾತು ಎರಡನೆಯದಕ್ಕೆ. ಮಕ್ಕಳು, ಲಿಫ್ಟು, ಪಟಾಕಿ ಇವನ್ನು ನೀವು ನೋಡಿಲ್ಲವಾದರೆ ಮೂರನೆಯದರಲ್ಲಿ ಬರೆಯಿರಿ. ಖಾಲಿ ಬಿಟ್ಟರೆ ಜನ "ತೊಂದರೆ ಇಲ್ಲ" ಅಂತ ಓದಿಕೊಳ್ತಾರೆ.

ಊಟಕ್ಕೆ: ಬೇರೆ ರೂಮು, ಬಾಗಿಲು ಹಾಕಿ, ತಿಂದು ಮುಗಿಸಿ ಹೊರಗೆ ಬಂದ ಮೇಲೆ ತಟ್ಟೆ ಎತ್ತೋದು. ಇಷ್ಟು ಮಾಡಿದರೆ ಬಹುಪಾಲು ಅಪಾಯ ತಪ್ಪುತ್ತೆ. ತರಬೇತಿ ಬೇಕು ಅನ್ನೋರು ಸುಮಾರು 2 ಮೀಟರ್ ದೂರದಲ್ಲಿ ನಡೆದುಹೋಗುತ್ತಾ ಬೇಯಿಸಿದ ಚಿಕನ್ ಚೂರು ತಟ್ಟೆಯ ಹತ್ತಿರ ಎಸೆಯಲಿ, ನಿಲ್ಲಬಾರದು. ನಾಯಿ ತಲೆ ಎತ್ತಿ ಸಡಿಲವಾಗಿ ಬಾಲ ಆಡಿಸಿದರೆ ಮಾತ್ರ ಮುಂದಿನ ದಿನಗಳಲ್ಲಿ ಅರ್ಧ ಅಡಿ ಹತ್ತಿರ. ತಿನ್ನೋ ವೇಗ ಹೆಚ್ಚಾದರೆ, ಕಣ್ಣಿನ ಬಿಳಿ ಕಂಡರೆ, ಹಿಂದಿನ ದೂರಕ್ಕೆ ವಾಪಸ್. ಜನ ಎಡವೋದು ಆತುರದಲ್ಲಿ. ಎರಡು ದಿನ ಸರಿಹೋಯಿತು ಅಂತ ತಟ್ಟೆಗೇ ಕೈ ಹಾಕ್ತಾರೆ.

ಕೋಲಿನ ಭಯ ಅಪಾರ್ಟ್‌ಮೆಂಟಲ್ಲಿ ದೊಡ್ಡದು. ಗೇಟಿನ ಸೆಕ್ಯೂರಿಟಿಯವರ ಕೈಯಲ್ಲಿ ಲಾಠಿ ಇರುತ್ತೆ. ಮೊದಲೇ ಮಾತಾಡಿ, ನಾಯಿ ದಾಟುವಾಗ ಕೆಳಗಿಡಲು ಕೇಳಿಕೊಳ್ಳಿ. ಎದೆಗೆ ಹಾಕೋ ಹಾರ್ನೆಸ್‌ಗೆ ಒಂದು, ಕತ್ತಿನ ಬೆಲ್ಟಿಗೆ ಒಂದು, ಹೀಗೆ ಎರಡು ಹಗ್ಗ ಕಟ್ಟಿ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ಬೆಲ್ಟಿನಿಂದ ತಲೆ ಬಿಡಿಸಿಕೊಳ್ಳುತ್ತೆ, ಮನೆ ದಾರಿ ಗೊತ್ತಿಲ್ಲದ ಮೊದಲ ವಾರದಲ್ಲೇ ಇದು ಹೆಚ್ಚು.

ಕಾಗದಪತ್ರ_ಬಸವನಗುಡಿ:
ಯಾವಾಗ ಅನ್ನೋದಕ್ಕೆ: ಅವರು ನಾಯಿಯನ್ನು ನೋಡೋಕೆ ಬರೋ ಮುಂಚೆ, ಫೋನಲ್ಲಿ. ಮಡಿಲಲ್ಲಿ ತಲೆ ಇಟ್ಟ ಮೇಲೆ ಯಾರ ಕಿವಿಗೂ ಎಚ್ಚರಿಕೆ ಬೀಳಲ್ಲ. ಆಮೇಲೆ ಅದನ್ನೇ ಕನ್ನಡದಲ್ಲೋ ಅವರು ಓದೋ ಭಾಷೆಯಲ್ಲೋ ಬರೆದು, ಮನೆಯ ದೊಡ್ಡವರೆಲ್ಲರ ಸಹಿ ಹಾಕಿಸಿ ಪ್ರತಿ ಇಟ್ಟುಕೊಳ್ಳಿ. ಅಡುಗೆಗೆ ಬರೋ ಅಕ್ಕನಿಗೂ ಹೇಳಬೇಕು, ತಟ್ಟೆ ಎತ್ತೋದು ಎಷ್ಟೋ ಮನೆಗಳಲ್ಲಿ ಅವರೇ.

ರೇಬೀಸ್ ಲಸಿಕೆಯ ಕಾರ್ಡು, ಕಚ್ಚಿದ ನಂತರದ 10 ದಿನ ನಾಯಿ ಆರೋಗ್ಯವಾಗಿತ್ತು ಅನ್ನೋ ದಾಖಲೆ ಜೊತೆಗಿಡಿ. ಮುಂದೆ ಯಾರಿಗಾದರೂ ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು, ನಾಯಿಗೆ ಲಸಿಕೆ ಆಗಿದ್ದರೂ ಸರಿ. ಇದನ್ನೂ ಅದೇ ಕಾಗದದಲ್ಲಿ ಬರೆಯಿರಿ.

ಕಾನೂನಿನ ಮಾತು: ತನ್ನ ಬಳಿ ಇರುವ ಪ್ರಾಣಿಯಿಂದ ಇತರರಿಗೆ ಅಪಾಯ ಆಗದಂತೆ ಸಾಕಷ್ಟು ಎಚ್ಚರ ವಹಿಸದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಇಲ್ಲವೇ ಎರಡೂ ಆಗಬಹುದು. ಆ ಹೊಣೆ ಹೊರೋದು ಹೊಸ ಮನೆಯವರು. ನಾಯಿಯ ಬಗ್ಗೆ ನಿಮಗೆ ಗೊತ್ತಿದ್ದದ್ದು ಅವರಿಗೆ ಗೊತ್ತಿಲ್ಲದೆ ಈ ಹೊಣೆ ಹೊರಿಸೋದು ಅನ್ಯಾಯ.

ಕೊಟ್ಟ ಮೇಲೆ 3ನೇ ದಿನ, 3ನೇ ವಾರ, 3ನೇ ತಿಂಗಳು ನೀವೇ ಫೋನ್ ಮಾಡಿ. "ಚೆನ್ನಾಗಿದೆಯಾ?" ಅಂತ ಕೇಳಿದರೆ "ಹೂಂ" ಅಂತಾರೆ. "ತಟ್ಟೆ ಯಾರು ಎತ್ತುತ್ತಾರೆ, ಎಲ್ಲಿ ಮಲಗುತ್ತೆ, ಯಾರಿಗಾದರೂ ಗುರ್ ಅಂದಿದೆಯಾ" ಅಂತ ಕೇಳಿ. ಸರಿಹೋಗದಿದ್ದರೆ ಯಾವಾಗ ಬೇಕಾದರೂ ವಾಪಸ್ ತಗೋತೀವಿ ಅನ್ನೋದನ್ನು ಸಹಿಯ ಮೇಲಿನ ಸಾಲಲ್ಲೇ ಹಾಕಿ.