ಸಹಾಯ ಬೇಕು: 30 ಅಡಿ ರಸ್ತೆಯಲ್ಲಿ ನಡೆಯುವವರಿಗೂ ಸೈಕಲ್‌ಗೂ ಜಾಗ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವಿರುವುದು ತುಮಕೂರಿನ ಒಂದು ಬಡಾವಣೆಯಲ್ಲಿ. ಬಿ.ಎಚ್. ರಸ್ತೆಯಲ್ಲಿ ಗಾಡಿ ಜಾಸ್ತಿಯಾದಾಗಲೆಲ್ಲ ಬೈಕು, ಆಟೋ ಎಲ್ಲ ನಮ್ಮ ಅಡ್ಡರಸ್ತೆಗೇ ನುಗ್ಗುತ್ತವೆ. ಚರಂಡಿ ಮೇಲಿನ ಚಪ್ಪಡಿಗಳೇ ನಮಗೆ ಫುಟ್‌ಪಾತ್. ಕಳೆದ ವಾರ ಮಗಳ ಸೈಕಲ್ಲಿನ ಮುಂದಿನ ಚಕ್ರ ಎರಡು ಚಪ್ಪಡಿ ನಡುವಿನ ಸಂದಿಗೆ ಸಿಕ್ಕಿ, ಅವಳು ರಸ್ತೆ ಕಡೆಗೇ ಬಿದ್ದಳು. ಹಿಂದಿದ್ದ ಆಟೋದವರು ಬ್ರೇಕ್ ಹಾಕಿದ್ದಕ್ಕೆ ಉಳಿದಳು. ಮಂಡಿ ಗಾಯ ಒಣಗಿದೆ, ಆದರೆ ಸೈಕಲ್ ಮುಟ್ಟುತ್ತಿಲ್ಲ. ಅದೇ ನನಗೆ ಸಂಕಟ.

ರಸ್ತೆಯವರೆಲ್ಲ ಸೇರಿ ಹೂಕುಂಡ ಇಟ್ಟು ನೋಡಿದೆವು, ಎರಡೇ ದಿನಕ್ಕೆ ಒಡೆದುಹೋದವು. ನಾವೇ ಸಿಮೆಂಟಿನ ಹಂಪ್ ಹಾಕಿದೆವು. ತೀರಾ ಕಡಿದಾಯಿತು, ವಯಸ್ಸಾದವರಿಗೆ ಬೆನ್ನು ನೋವು, ಒಡೆಸಿದೆವು. (ರಸ್ತೆಗಳ ಮಾನದಂಡ ಬರೆಯುವ ಐಆರ್‌ಸಿ, ಅಂದರೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪ್ ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಅನುಮತಿಯೂ ಬೇಕು. ಆಮೇಲೆ ಗೊತ್ತಾಯಿತು.) ಈಗ ಪಾಲಿಕೆಗೆ ಕೊಡುವ ಅರ್ಜಿ ಜೊತೆ ಒಂದು ನಕ್ಷೆಯನ್ನೂ ಕೊಡೋಣ ಅಂತ ಕೂತಿದ್ದೇವೆ.

ಸಿಕ್ಕಿಕೊಂಡಿರುವುದು ಇಲ್ಲಿ. ರಸ್ತೆ 30 ಅಡಿ, ಅಂದರೆ ಸುಮಾರು 9 ಮೀಟರ್. ಫುಟ್‌ಪಾತ್ ಕನಿಷ್ಠ 1.8 ಮೀಟರ್ ಬೇಕು. ಎರಡೂ ಕಡೆ ಬಿಟ್ಟರೆ 5.4 ಉಳಿಯುತ್ತದೆ. ಒಂದು ಸಾಲು ಕಾರು ನಿಂತರೆ 3.4 ಮೀಟರ್ ಅಷ್ಟೇ. ಅದರಲ್ಲಿ ಆಂಬುಲೆನ್ಸ್, ಸೈಕಲ್, ಎದುರಿನ ಗಾಡಿ ಎಲ್ಲ ಹೇಗೆ ಹೋಗಬೇಕು?

ಒಂದೇ ಕಡೆ ಫುಟ್‌ಪಾತ್ ಮಾಡಿ ಒನ್‌ವೇ ಮಾಡಿಸುವುದಾ? ಆಗ ಗಾಡಿಗಳು ಇನ್ನೂ ಜೋರಾಗುತ್ತವೆ ಅನ್ನೋ ಭಯ ನನಗೆ. ಅಥವಾ ಫುಟ್‌ಪಾತ್, ರಸ್ತೆ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದು, ರಸ್ತೆಯ ಬಾಯನ್ನು ಕಿರಿದು ಮಾಡಿ ವೇಗ ತಗ್ಗಿಸುವುದಾ? ಇಷ್ಟೇ ಅಗಲದ ರಸ್ತೆಯಲ್ಲಿ ಮಾಡಿಸಿದವರು ಇದ್ದರೆ, ಎರಡರಲ್ಲಿ ಯಾವುದಕ್ಕೆ ನಕ್ಷೆ ಬರೆಸಲಿ, ಹೇಳುತ್ತೀರಾ?