ಕೇಳುಗರೇ ನಡೆಸುವ ಹಾಡಿನ ದಿನಕ್ಕೆ ‘ಕೂಟ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಮೈಸೂರಿನಲ್ಲಿ ಭಾವಗೀತೆಯ ಹುಚ್ಚಿರುವ ನಾವು ಏಳೆಂಟು ಜನ ಸೇರಿ ಒಂದು ಭಾನುವಾರ ಇಡೀ ದಿನದ ಕಾರ್ಯಕ್ರಮ ಮಾಡಲು ಹೊರಟಿದ್ದೇವೆ. ನಮ್ಮಲ್ಲಿ ಯಾರೂ ಹಾಡುಗಾರರಲ್ಲ. ಇಬ್ಬರು ಬ್ಯಾಂಕಿನವರು, ಮೂವರು ಮೇಷ್ಟ್ರು, ಒಬ್ಬರು ಔಷಧಿ ಅಂಗಡಿಯವರು, ಹೀಗೆ. ಅರವತ್ತು ಜನ ಹಿಡಿಸುವ ಒಂದು ಮಹಡಿ ಹಾಲ್ ಸಿಕ್ಕಿದೆ. ಬೆಳಿಗ್ಗೆ ಹಳೆಯ ಕ್ಯಾಸೆಟ್ ಕೇಳುವುದು, ಅದರ ಬಗ್ಗೆ ಮಾತು. ಮಧ್ಯಾಹ್ನ ಊಟ. ಆಮೇಲೆ ಬಂದವರೆಲ್ಲ, ಶ್ರುತಿ ಸೇರಲಿ ಬಿಡಲಿ, ಒಂದೊಂದು ಹಾಡು. ಅಡುಗೆಯವರೂ ಒಪ್ಪಿದ್ದಾರೆ. ಆದರೆ ಕರಪತ್ರದ ತಲೆಯ ಮೇಲೆ ಏನು ಬರೆಯಬೇಕು ಎಂಬಲ್ಲಿ ಮೂರು ವಾರದಿಂದ ಸಿಕ್ಕಿಕೊಂಡಿದ್ದೇವೆ.

ಮೊದಲು ಬಂದ ಪದ ‘ಸಮ್ಮೇಳನ’. ಅರ್ಥ ನೋಡಿದರೆ ಸುಮ್ನೆ ಒಟ್ಟು ಸೇರುವುದು, ಅಷ್ಟೇ. ಆದರೆ 1915ರಿಂದ ಸಾಹಿತ್ಯ ಸಮ್ಮೇಳನ ನಡೆಯುತ್ತ ಬಂದು ಆ ಪದಕ್ಕೆ ಅಧ್ಯಕ್ಷರು, ಮೆರವಣಿಗೆ, ಗೋಷ್ಠಿ, ನಿರ್ಣಯ ಎಲ್ಲ ಅಂಟಿಕೊಂಡಿವೆ. ಸಂಗೀತದಲ್ಲೂ ಹಾಗೇ. ಬೆಂಗಳೂರು ಗಾಯನ ಸಮಾಜದ ಸಂಗೀತ ಸಮ್ಮೇಳನ ಅಂದರೆ ಅಧ್ಯಕ್ಷತೆಗೆ ಒಬ್ಬ ವಿದ್ವಾಂಸರು, ಪ್ರಾತ್ಯಕ್ಷಿಕೆಗಳು, ಕೊನೆಗೆ ಬಿರುದು. ನಾವು ಯಾರಿಗೆ ಬಿರುದು ಕೊಡೋಣ, ಅಡುಗೆಯವರಿಗಾ?

‘ಕಚೇರಿ’ ಅಂದರೆ ಹಾಡುವವರು ವೇದಿಕೆಯ ಮೇಲೆ, ಕೇಳುವವರು ಕೆಳಗೆ. ನಮ್ಮಲ್ಲಿ ಆ ಗೆರೆಯೇ ಇಲ್ಲ. ಧಾರವಾಡದ ಗೆಳೆಯರೊಬ್ಬರು ‘ಮೈಫಿಲ್’ ಅಂದರು. ಚೆಂದದ ಪದ. ಆದರೆ ಅದನ್ನು ಓದಿ ಬಂದವರು ತಂಬೂರಿ, ತಬಲಾ ಎಲ್ಲಿ ಎಂದು ಹುಡುಕುತ್ತಾರೆ.

ಇನ್ನು ನಾವು ಯಾರು ಎಂಬ ಪ್ರಶ್ನೆ. ‘ಅಭಿಮಾನಿ’ ಅಂದರೆ ರಾಜ್‌ಕುಮಾರ್ ಅವರ ‘ಅಭಿಮಾನಿ ದೇವರುಗಳು’ ತಕ್ಷಣ ನೆನಪಾಗುತ್ತದೆ. ಭಾಷಾಭಿಮಾನ, ದೇಶಾಭಿಮಾನ ಎಂದು ಈಗಲೂ ಹೇಳುತ್ತೇವೆ. ಆದರೆ ಬರೀ ‘ಅಭಿಮಾನಿ’ ಅಂದಾಗ ಯಾರ ಅಭಿಮಾನಿ ಎಂದು ಕೇಳುತ್ತಾರೆ, ಯಾವುದರ ಅಭಿಮಾನಿ ಎಂದು ಕೇಳುವವರು ಕಡಿಮೆ. ಜೊತೆಗೆ ‘ಸಂಘ’ ಸೇರಿಸಿದರೆ ಮುಗಿಯಿತು, ಕಟೌಟ್, ಹಾಲಿನ ಅಭಿಷೇಕ. ‘ರಸಿಕ’ ಇನ್ನೂ ಕಷ್ಟ. ತಮಿಳಿನಲ್ಲಿ ರಸಿಕರ್ ಅಂದರೆ ನೇರವಾಗಿ ಅಭಿಮಾನಿ. ನಮ್ಮಲ್ಲಿ ‘ಅವರು ಭಾರಿ ರಸಿಕರು’ ಅನ್ನುವಾಗ ಹೇಳುವವರ ತುಟಿ ಸ್ವಲ್ಪ ಸೊಟ್ಟಗಾಗುತ್ತದೆ, ಅಲ್ವಾ? ಔಷಧಿ ಅಂಗಡಿಯವರಂತೂ ‘ರಸಿಕರ ದಿನ ಅಂತ ಹಾಕಿದರೆ ನಾನು ಮನೆಯಲ್ಲಿ ಹೇಳುವುದು ಹೇಗೆ’ ಅಂದರು.

ಹಾಗಾಗಿ ‘ಕೇಳುಗರು’ ಉಳಿಯಿತು. ರೇಡಿಯೊ ಕೇಳಿ ಬೆಳೆದವರಿಗೆ ಇದು ಹತ್ತಿರದ ಪದ. ನಮ್ಮೂರಿಗಂತೂ ಇನ್ನೂ ಹತ್ತಿರ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದ್ದರು. ಅದಕ್ಕಿದ್ದ ‘ಆಕಾಶವಾಣಿ’ ಎಂಬ ಹೆಸರು ಆಮೇಲೆ ಇಡೀ ದೇಶದ ರೇಡಿಯೊಗೆ ಬಂತು. ಒಂದು ಮನೆಯ ಹವ್ಯಾಸಕ್ಕೆ ಅಷ್ಟು ಒಳ್ಳೆಯ ಹೆಸರು ಸಿಕ್ಕಿತ್ತಲ್ಲ ಎಂದು ನಮಗೆ ಹೊಟ್ಟೆಕಿಚ್ಚು.

‘ಕೇಳುಗರ ಕೂಟ’ ಅನ್ನುವುದು ನನ್ನ ಸಲಹೆ. ತಕರಾರು ಬಂದದ್ದು ಇಲ್ಲೇ. ಕ್ರೀಡಾಕೂಟ, ಔತಣಕೂಟ ಅಂದಾಗ ಕೂಟ ಎಂದರೆ ಒಂದು ದಿನವೋ ಎರಡು ದಿನವೋ ನಡೆದು ಮುಗಿಯುವ ಕಾರ್ಯಕ್ರಮ. ಆದರೆ ಅಮೆರಿಕದ ಕನ್ನಡ ಕೂಟಗಳು ಸದಸ್ಯರು, ಚುನಾವಣೆ ಎಲ್ಲ ಇರುವ ಕಾಯಂ ಸಂಸ್ಥೆಗಳು. ಹಾಗಾದರೆ ಬರೀ ‘ಕೇಳುಗರ ಕೂಟ’ ಎಂದು ಓದಿದವರು ನಮ್ಮನ್ನು ಒಂದು ಸಂಘ ಅಂದುಕೊಳ್ಳುತ್ತಾರೆಯೇ? ನನ್ನ ಊಹೆ: ಹಿಂದಿರುವ ಪದ ಮಾಡುವ ಕೆಲಸವನ್ನು ಹೇಳಿದರೆ (ಕ್ರೀಡೆ, ಔತಣ) ಕೂಟ ಕಾರ್ಯಕ್ರಮವಾಗುತ್ತದೆ, ಸೇರುವ ಜನರನ್ನು ಹೇಳಿದರೆ ಸಂಸ್ಥೆಯಾಗುತ್ತದೆ. ಈ ಲೆಕ್ಕ ಸರಿಯಾದರೆ ‘ಹಾಡುಕೂಟ’ ಅನ್ನಬೇಕು. ಆಗ ಕೇಳುಗರು ಬಿಟ್ಟುಹೋಗುತ್ತಾರೆ!

ಇನ್ನೆರಡು ಸಣ್ಣ ಸಂಶಯ. ಊಟ, ಹಾಲ್ ಬಾಡಿಗೆ ಸೇರಿ ತಲೆಗೆ ಇನ್ನೂರು ರೂಪಾಯಿ ಬೀಳುತ್ತದೆ. ಅದಕ್ಕೆ ‘ಶುಲ್ಕ’ ಅಂದರೆ ಟಿಕೆಟ್ ಕೊಂಡ ಹಾಗೆ. ‘ದೇಣಿಗೆ’ ಅಂದರೆ ಕೊಟ್ಟವರ ಹೆಸರು ಓದಬೇಕು. ಎಲ್ಲರೂ ತಮ್ಮ ತಮ್ಮ ಪಾಲು ಹಾಕುವುದಕ್ಕೆ ‘ವಂತಿಗೆ’ಗಿಂತ ಸರಿಯಾದ ಪದ ಇಲ್ಲ. ಆದರೆ ಶಾಲೆಗಳ ‘ವಂತಿಗೆ ಹಾವಳಿ’ ಎಂದು ಪತ್ರಿಕೆಗಳಲ್ಲಿ ಓದಿ ಓದಿ ಆ ಪದವೇ ಕೆಟ್ಟುಹೋಗಿದೆ. ನಿಮ್ಮ ಕಡೆ ಈಗಲೂ ಅದನ್ನು ಒಳ್ಳೆಯ ಅರ್ಥದಲ್ಲಿ ಬಳಸುತ್ತಾರಾ?

ಎರಡನೆಯದು, ಮಧ್ಯಾಹ್ನ ಒಬ್ಬರಾದ ಮೇಲೆ ಒಬ್ಬರು ಹಾಡುವುದು. ‘ಸರದಿ’ ಸಾಕು ಅಂತ ನಾನು. ಧಾರವಾಡದವರು ‘ಪಾಳಿ’ ಎನ್ನಿ ಅನ್ನುತ್ತಾರೆ. ಅವರ ಕಡೆ ಸಾಲಿನಲ್ಲಿ ನಿಲ್ಲುವುದಕ್ಕೂ ‘ಪಾಳಿ ಹಚ್ಚುವುದು’ ಅನ್ನುತ್ತಾರಂತೆ. ನನಗೆ ಪಾಳಿ ಅಂದರೆ ಕಾರ್ಖಾನೆಯ ರಾತ್ರಿ ಪಾಳಿಯೇ ಕಣ್ಣಮುಂದೆ ಬರುತ್ತದೆ.

ಕರಪತ್ರ ಬುಧವಾರ ಪ್ರೆಸ್ಸಿಗೆ ಹೋಗಬೇಕು. ಅಷ್ಟರೊಳಗೆ ‘ಕೂಟ’ದ ಬಗ್ಗೆಯಾದರೂ ಯಾರಾದರೂ ಹೇಳಿ.